ಕೊಟ್ಟದ್ದು ಯಾರ ಲೆಕ್ಕಕ್ಕೆ?

ಹೀಗೊಂದು ಸಂಸಾರ ಇದೆಯೆನ್ನೋಣ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನಲವತ್ತು ವರ್ಷದಿಂದ ನೆಲೆಸಿದವರು. ಗಂಡನಿಗೆ ಎಪ್ಪತ್ತೈದು, ಹೆಂಡತಿಗೆ ಅರವತ್ತೆಂಟು. ಮಗಳು ಮನೆ ಕೊಳ್ಳಲು ಹೊರಟಾಗ ತಂದೆ ತನ್ನ ಖಾತೆಯಿಂದ 1.36 ಲಕ್ಷ ಪೌಂಡ್ ಕೊಡುತ್ತಾನೆ. ಮೂರೂವರೆ ವರ್ಷ ಕಳೆದು ತೀರಿಕೊಳ್ಳುತ್ತಾನೆ. ಉಳಿದದ್ದೆಲ್ಲ ಹೆಂಡತಿಗೆ. ಆಗ ಯಾರೂ ಒಂದು ಪೌಂಡ್ ತೆರಿಗೆ ಕಟ್ಟುವುದಿಲ್ಲ. ಪೆಟ್ಟು ಬೀಳುವುದು ಎಷ್ಟೋ ವರ್ಷದ ನಂತರ, ತಾಯಿಯೂ ಹೋದ ಮೇಲೆ, ಮಕ್ಕಳು ಕಾಗದಪತ್ರ ಹರಡಿಕೊಂಡು ಕೂತಾಗ.

ಬ್ರಿಟನ್ನಿನ ಉತ್ತರಾಧಿಕಾರ ತೆರಿಗೆಯಲ್ಲಿ ಒಬ್ಬರಿಗೆ 3.25 ಲಕ್ಷ ಪೌಂಡ್‌ವರೆಗೆ ವಿನಾಯಿತಿ. 2009ರಿಂದ ಈ ಮಿತಿ ಕದಲಿಲ್ಲ. ಅದನ್ನು ಮೀರಿದ್ದಕ್ಕೆ ಶೇ 40 ತೆರಿಗೆ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಬಿಟ್ಟುಹೋದದ್ದಕ್ಕೆ ಸಾಮಾನ್ಯವಾಗಿ ತೆರಿಗೆಯಿಲ್ಲ. ಮೊದಲು ಸತ್ತವರು ಬಳಸದೆ ಉಳಿಸಿದ ಮಿತಿಯೂ, 2007ರ ಅಕ್ಟೋಬರ್ 9ರಿಂದ, ಬದುಕಿ ಉಳಿದವರ ಪಾಲಿಗೆ ಸೇರುತ್ತದೆ. ಸೇರುವುದು ಶೇಕಡಾವಾರು ಲೆಕ್ಕದಲ್ಲಿ. ಹಾಗಾಗಿ ದಂಪತಿಗೆ ಒಟ್ಟು 6.5 ಲಕ್ಷ. ವಾಸದ ಮನೆ ಮಕ್ಕಳಿಗೆ ಹೋದರೆ ತಲಾ 1.75 ಲಕ್ಷ ಹೆಚ್ಚುವರಿ ವಿನಾಯಿತಿಯೂ ಉಂಟು. ಬದುಕಿದ್ದಾಗ ಕೊಟ್ಟ ಉಡುಗೊರೆಗೆ ಅದು ಒದಗದು.

ತೊಡಕು ಇರುವುದು ಏಳು ವರ್ಷದ ನಿಯಮದಲ್ಲಿ. ಕೊಟ್ಟವರು ಏಳು ವರ್ಷ ಬದುಕಿದರೆ ಉಡುಗೊರೆ ಲೆಕ್ಕದಿಂದಲೇ ಹೊರಗೆ. ಅಷ್ಟರೊಳಗೆ ಸತ್ತರೆ ಅದು ಅವರ ಮಿತಿಯನ್ನು ಮೊದಲು ತಿನ್ನುತ್ತದೆ. ನಮ್ಮ ಉದಾಹರಣೆಯಲ್ಲಿ ಉಡುಗೊರೆಗಿರುವ ವಾರ್ಷಿಕ ವಿನಾಯಿತಿ, ಅಂದರೆ ಆ ವರ್ಷದ 3,000, ಹಿಂದಿನ ವರ್ಷ ಬಳಸದ 3,000 ಪೌಂಡ್ ಕಳೆದರೆ 1.3 ಲಕ್ಷ ಉಳಿಯಿತು. ಅಂದರೆ ಗಂಡನ ಮಿತಿಯ ಶೇ 40 ಖರ್ಚಾಯಿತು. ಹೆಂಡತಿಗೆ ದಾಟುವುದು ಶೇ 60 ಮಾತ್ರ. ಅವಳ ಆಸ್ತಿ ದೊಡ್ಡದಿದ್ದರೆ ಮಕ್ಕಳು 52,000 ಪೌಂಡ್ ಹೆಚ್ಚಿಗೆ ಕಟ್ಟಬೇಕು.

ಮೂರು ವರ್ಷ ದಾಟಿದರೆ ರಿಯಾಯಿತಿ ಸಿಗುತ್ತದಲ್ಲ ಎಂದು ಬಹಳ ಜನ ನಂಬಿದ್ದಾರೆ. ಆ ರಿಯಾಯಿತಿ ಉಡುಗೊರೆಯ ಮೇಲೆ ಬೀಳುವ ತೆರಿಗೆಗೆ, ಉಡುಗೊರೆಯ ಮೌಲ್ಯಕ್ಕಲ್ಲ. ಮಿತಿಯೊಳಗಿನ ಉಡುಗೊರೆಗೆ ತೆರಿಗೆಯೇ ಇಲ್ಲದಿರುವಾಗ ಕಡಿತ ಯಾವುದಕ್ಕೆ?

ಉಡುಗೊರೆಯನ್ನು ಎಣಿಸುವುದೇ ತಪ್ಪು ಎಂದು ವಾದಿಸಲಾಗದು. ಎಣಿಸದಿದ್ದರೆ ಸಾಯುವ ಹಿಂದಿನ ದಿನ ಎಲ್ಲವನ್ನೂ ಹಂಚಿಬಿಡಬಹುದು, ತೆರಿಗೆಗೆ ಅರ್ಥವೇ ಉಳಿಯದು. ಅನ್ಯಾಯ ಇರುವುದು ಎಣಿಸುವ ಬಗೆಯಲ್ಲಿ. ಸಾವಿನ ಹೊತ್ತಿಗೆ ಕಾನೂನು ಗಂಡಹೆಂಡತಿಯ ಮಿತಿಗಳನ್ನು ಕೂಡಿಸುತ್ತದೆ. ಉಡುಗೊರೆಯ ಹೊತ್ತಿಗೆ ಮಾತ್ರ ಖಾತೆ ಯಾರ ಹೆಸರಿನಲ್ಲಿತ್ತು ಎಂದು ನೋಡುತ್ತದೆ. ಹಳೆಯ ತಲೆಮಾರಿನ ಎಷ್ಟೋ ಮನೆಗಳಲ್ಲಿ ಹಣ ಇರುವುದು ಗಂಡನ ಹೆಸರಿನಲ್ಲಿ. ವಯಸ್ಸಾದವನೂ ಅವನೇ, ಏಳು ವರ್ಷ ಬದುಕುವ ಸಾಧ್ಯತೆ ಕಡಿಮೆ ಇರುವವನೂ ಅವನೇ. ಅದೇ ಹಣ ಹೆಂಡತಿಯ ಸ್ವಂತದ್ದಾಗಿದ್ದು, ಅವಳೇ ಕೊಟ್ಟು, ಏಳು ವರ್ಷ ಬದುಕಿದ್ದರೆ ಆ 52,000 ಪೌಂಡ್ ಮಕ್ಕಳ ಕೈಯಲ್ಲೇ ಇರುತ್ತಿತ್ತು. ಸಲಹೆಗಾರರನ್ನು ಇಟ್ಟುಕೊಂಡವರಿಗೆ ಇದು ಗೊತ್ತು, ಉಳಿದವರಿಗಿಲ್ಲ.

ಬ್ರಿಟನ್ನಿನ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಹಿಂದಿನ ಇಪ್ಪತ್ತು ತೆರಿಗೆ ವರ್ಷಗಳಲ್ಲಿ ಹತ್ತು ವರ್ಷ ಅಲ್ಲಿನ ನಿವಾಸಿಯಾಗಿದ್ದವರಿಗೆ, 2025ರ ಏಪ್ರಿಲ್‌ನಿಂದ, ಊರಿನ ಆಸ್ತಿಯೂ ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತದೆ. ಮೈಸೂರಿನ ಸೈಟನ್ನು ತಮ್ಮನ ಹೆಸರಿಗೆ ದಾನಪತ್ರ ಮಾಡಿಕೊಟ್ಟದ್ದೂ ಉಡುಗೊರೆಯೇ. ಮದುವೆಮನೆಯಲ್ಲಿ ಮುಯ್ಯಿ ಬರೆದಿಡುವ ಜನ ನಾವು. ಅಂಥದೇ ಒಂದು ಪುಸ್ತಕ ಇಲ್ಲೂ ಬೇಕು. ಯಾವ ತಾರೀಕು, ಯಾರಿಗೆ, ಎಷ್ಟು, ಯಾರ ಖಾತೆಯಿಂದ. ತಾಯಿ ಸತ್ತಾಗ ತಂದೆಯ ಹಳೆಯ ಉಡುಗೊರೆಗಳನ್ನೂ ಮಕ್ಕಳು ತೋರಿಸಬೇಕಾಗಿ ಬರುತ್ತದೆ.

ಏಳು ವರ್ಷವನ್ನು ಐದಕ್ಕೆ ಇಳಿಸಿ ಎಂದು ಬ್ರಿಟನ್ನಿನ ತೆರಿಗೆ ಸರಳೀಕರಣ ಕಚೇರಿ 2019ರಲ್ಲಿ ಶಿಫಾರಸು ಮಾಡಿತ್ತು. ಸರ್ಕಾರ ಒಪ್ಪಲಿಲ್ಲ. ಒಪ್ಪಿದ್ದರೂ ಹೆಸರಿನ ಸಮಸ್ಯೆ ಹಾಗೇ ಉಳಿಯುತ್ತಿತ್ತು. ಅದಕ್ಕೆ ಮದ್ದು ಅಮೆರಿಕದಲ್ಲಿದೆ: ದಂಪತಿ ಇಬ್ಬರೂ ಒಪ್ಪಿ 709ನೇ ಫಾರಂನಲ್ಲಿ ತಿಳಿಸಿದರೆ, ಒಬ್ಬರು ಕೊಟ್ಟದ್ದನ್ನು ಇಬ್ಬರೂ ಅರ್ಧರ್ಧ ಕೊಟ್ಟಂತೆ ಎಣಿಸುತ್ತಾರೆ. ಬ್ರಿಟನ್ ಅದನ್ನು ತಂದರೆ ಲೆಸ್ಟರ್‌ನ ಆ ತಂದೆಯ ಲೆಕ್ಕಕ್ಕೆ ಬರುವುದು 68,000 ಪೌಂಡ್; 6,000 ಕಳೆದರೆ 62,000. ತಾಯಿ ಏಳು ವರ್ಷ ಬದುಕಿದರೆ ಅವಳ ಅರ್ಧ ಅಳಿಸಿಹೋಗಿ, ಮಕ್ಕಳ ಹೆಚ್ಚುವರಿ ತೆರಿಗೆ 52,000ದಿಂದ 24,800ಕ್ಕೆ ಇಳಿಯುತ್ತದೆ.