ಯಂತ್ರ ನಿಮ್ಮದು, ಬೀಗ ಅವರದು

‘ಈಗಲೇ ಸರಿ ಮಾಡಿಕೊಡ್ತೀನಿ’ ಎಂಬರ್ಥದ ಮಾತೊಂದನ್ನು ಕೇಳಿದರೆ ಮಲಯಾಳಿಗಳಿಗೆ ನಗು ಬರುತ್ತದೆ. 1988ರಲ್ಲಿ ತೆರೆಕಂಡ, ಪ್ರಿಯದರ್ಶನ್ ನಿರ್ದೇಶನದ ‘ವೆಳ್ಳಾನಕಳುಡೆ ನಾಡ್’ ಚಿತ್ರದಲ್ಲಿ ಕುದಿರವಟ್ಟಂ ಪಪ್ಪು ಮಾಡಿದ ಮೆಕ್ಯಾನಿಕ್ ಪಾತ್ರ, ಕೆಟ್ಟು ನಿಂತ ರೋಡ್ ರೋಲರಿನ ಮುಂದೆ ಆಡುವ ಮಾತು ಅದು. ಇಂದಿಗೂ ಕೇರಳದಲ್ಲಿ ಮನೆಯ ನಲ್ಲಿ ಸೋರಿದಾಗ, ಮಂತ್ರಿ ಭರವಸೆ ಕೊಟ್ಟಾಗ ಯಾರಾದರೊಬ್ಬರು ಅದನ್ನು ನೆನಪಿಸುತ್ತಾರೆ. ಆ ಮೆಕ್ಯಾನಿಕ್ಕಿಗೆ ಕೆಲಸ ಎಷ್ಟು ಬರುತ್ತಿತ್ತು ಎಂಬುದು ಬೇರೆ ಮಾತು. ಆದರೆ ರೋಲರನ್ನು ಬಿಚ್ಚಿ ನೋಡಲು ಅವನಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕೊಚ್ಚಿ ಮತ್ತು ತಿರುವನಂತಪುರದ ಡಿಜಿಟಲ್ ಮುದ್ರಣದ ಅಂಗಡಿಗಳಲ್ಲಿ ಇಂದು ಅಷ್ಟು ಸ್ವಾತಂತ್ರ್ಯವೂ ಉಳಿದಿಲ್ಲ.

ಪ್ರೊಡಕ್ಷನ್ ಪ್ರಿಂಟರ್ ಎಂದರೆ ಬೀದಿ ಮೂಲೆಯ ಝೆರಾಕ್ಸ್ ಯಂತ್ರದ ದೊಡ್ಡಣ್ಣ. ಒಂದು ಕೋಣೆಯನ್ನೇ ಬೇಡುತ್ತದೆ, ಹವಾನಿಯಂತ್ರಣ ಬೇಡುತ್ತದೆ, ಬೆಲೆ ಲಕ್ಷಗಳಲ್ಲಿ ಶುರುವಾಗುತ್ತದೆ. ತಿರುವನಂತಪುರದ ಪಾಳಯದಲ್ಲಿ ವಿಶ್ವವಿದ್ಯಾಲಯದ ಸುತ್ತಮುತ್ತ ಅಚ್ಚಾಗುವ ಪಿಎಚ್‌ಡಿ ಪ್ರಬಂಧ, ಎರ್ನಾಕುಳದ ಮದುವೆ ಕಾರ್ಡು, ಆಸ್ಪತ್ರೆಯ ಕೈಪಿಡಿ, ನೂರೇ ಪ್ರತಿಯ ಕವನ ಸಂಕಲನ, ಎಲ್ಲವೂ ಇಂಥ ಯಂತ್ರದ ಕೂಸುಗಳು. ಆಫ್‌ಸೆಟ್‌ನಲ್ಲಿ ನೂರು ಪ್ರತಿ ಮುದ್ರಿಸುವುದು ಲೆಕ್ಕಕ್ಕೆ ಕೂರುವುದಿಲ್ಲ. ಸಣ್ಣ ಕನ್ನಡ ಪ್ರಕಾಶಕರು ಇಂದು ಕಡಿಮೆ ಪ್ರತಿಗಳ ಪುಸ್ತಕ ತರುವ ಧೈರ್ಯ ಮಾಡುತ್ತಿರುವುದೂ ಇದೇ ಯಂತ್ರವನ್ನು ನಂಬಿ. ಹಾಗಾಗಿ ಇದು ಕೇರಳದ ಅಂಗಡಿಯವರ ಗೋಳು ಮಾತ್ರವಲ್ಲ.

ಶಾಲೆಗಳು ಬಾಗಿಲು ತೆರೆಯುವ ಜೂನ್‌ನಲ್ಲೇ ಮುಂಗಾರೂ ಕೇರಳಕ್ಕೆ ಕಾಲಿಡುತ್ತದೆ. ಟೋನರ್ ಪುಡಿ ಹಾಳೆಯ ಮೇಲೆ ಕೂರುವುದು ಸ್ಥಿರ ವಿದ್ಯುತ್ತಿನ ಸೆಳೆತದಿಂದ. ಕಾಗದ ತೇವ ಹೀರಿಕೊಂಡರೆ ಆ ಸೆಳೆತ ಹದ ತಪ್ಪಿ ಬಣ್ಣ ಮಚ್ಚೆ ಮಚ್ಚೆಯಾಗುತ್ತದೆ. ಫ್ಯೂಸರಿನ ಬಿಸಿ ರೋಲರುಗಳ ನಡುವೆ ಹಾದ ಹಾಳೆ ಮುದುರಿ ಸಿಕ್ಕಿಕೊಳ್ಳುತ್ತದೆ. ಆಗ ಪರದೆಯ ಮೇಲೆ ಒಂದು ಸಂಖ್ಯೆ, ಅದರ ಕೆಳಗೆ ಒಂದು ಸೂಚನೆ: ಸರ್ವೀಸ್ ಎಂಜಿನಿಯರನ್ನು ಕರೆಯಿರಿ. ಸಂಖ್ಯೆಯ ಅರ್ಥ ಯಂತ್ರಕ್ಕೆ ಗೊತ್ತು, ಕಂಪನಿಗೆ ಗೊತ್ತು. ಸಾಲ ಮಾಡಿ ಅದನ್ನು ಕೊಂಡವನಿಗೆ ಮಾತ್ರ ಗೊತ್ತಿಲ್ಲ.

ಕರೆದದ್ದಾಯಿತು. ದೂರು ದಾಖಲಾಗಿ ಮೊಬೈಲಿಗೆ ಸಂಖ್ಯೆ ಬಂತು. ತಿರುವನಂತಪುರದ ಅಂಗಡಿಗೆ ಬರಬೇಕಾದ ಎಂಜಿನಿಯರ್ ಎರ್ನಾಕುಳದಲ್ಲಿದ್ದರೆ, ಮರುದಿನ ಬೆಳಗಿನ ವಂಚಿನಾಡ್ ಎಕ್ಸ್‌ಪ್ರೆಸ್ ಹಿಡಿದು ಸುಮಾರು 200 ಕಿಲೋಮೀಟರ್ ಬರಬೇಕು. ಬಂದವರು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಬಿಡಿಭಾಗಕ್ಕೆ ಬರೆದು ಹಾಕುತ್ತಾರೆ. ಬಿಡಿಭಾಗ ಬೇರೆ ರಾಜ್ಯದ ಗೋದಾಮಿನಲ್ಲಿ ಇದ್ದರೆ ಪುಣ್ಯ, ಇಲ್ಲದಿದ್ದರೆ ಹಡಗಿನ ದಾರಿ ಕಾಯಬೇಕು. ಅಷ್ಟರಲ್ಲಿ ಶಾಲೆಯ ಡೈರಿಯ ಕೆಲಸ ಪಕ್ಕದ ಬೀದಿಗೆ ಹೋಗಿರುತ್ತದೆ. ಯಂತ್ರ ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ.

ಇಲ್ಲಿ ಕರಾರಿನ ಒಂದು ಪದದ ಮೇಲೆ ಬೆರಳಿಡಬೇಕು: ‘ರೆಸ್ಪಾನ್ಸ್ ಟೈಮ್’. ನಾಲ್ಕು ಗಂಟೆ, ಎಂಟು ಗಂಟೆ, ಮರುದಿನ ಎಂದೆಲ್ಲ ಅಲ್ಲಿ ಬರೆದಿರುತ್ತದೆ. ಕೊಳ್ಳುವವರು ಅದನ್ನು ‘ಇಷ್ಟರೊಳಗೆ ರಿಪೇರಿ’ ಎಂದು ಓದಿಕೊಳ್ಳುತ್ತಾರೆ. ಆದರೆ ರೆಸ್ಪಾನ್ಸ್ ಎಂದರೆ ಉತ್ತರ ಅಷ್ಟೇ. ವಾಪಸ್ ಒಂದು ಫೋನ್ ಮಾಡಿದರೂ ಉತ್ತರವೇ, ಎಂಜಿನಿಯರ್ ಬಂದು ತಲೆ ಅಲ್ಲಾಡಿಸಿ ಹೋದರೂ ಉತ್ತರವೇ. ಯಂತ್ರ ಎಷ್ಟು ಹೊತ್ತಿನಲ್ಲಿ ಮತ್ತೆ ಓಡಬೇಕು ಎಂದು ಬರೆದ ಕರಾರು ಸಣ್ಣ ಅಂಗಡಿಯವನ ಕೈಗೆ ಸಿಗುವುದು ಅಪರೂಪ. ದುರಸ್ತಿಗೆ ಮಲಯಾಳದಲ್ಲಿ ‘ನನ್ನಾಕ್ಕುಕ’ ಎನ್ನುತ್ತಾರೆ, ಒಳ್ಳೆಯದಾಗಿಸುವುದು ಎಂದರ್ಥ. ಕನ್ನಡದಲ್ಲಿ ‘ಸರಿ ಮಾಡುವುದು’. ಎರಡು ಭಾಷೆಗಳೂ ಕೆಲಸವನ್ನು ಅದರ ಫಲದಿಂದ ಅಳೆಯುತ್ತವೆ. ಕರಾರಿನ ಭಾಷೆ ಹಾಜರಾತಿಯಿಂದ ಅಳೆಯುತ್ತದೆ.

ಈ ವ್ಯವಸ್ಥೆಯ ಬೇರು ಹಳೆಯದು, ಮತ್ತು ಆರಂಭದಲ್ಲಿ ಅದು ನ್ಯಾಯವಾಗಿಯೇ ಇತ್ತು. 1959ರಲ್ಲಿ ಝೆರಾಕ್ಸ್ ಕಂಪನಿ ತನ್ನ 914 ಯಂತ್ರವನ್ನು ಹೊರತಂದಾಗ ಅದನ್ನು ತಿಂಗಳಿಗೆ 95 ಡಾಲರಿಗೆ ಬಾಡಿಗೆಗೆ ಕೊಟ್ಟಿತು. ಮೊದಲ 2,000 ಪ್ರತಿ ಬಾಡಿಗೆಯಲ್ಲೇ ಸೇರಿತ್ತು, ಆಮೇಲೆ ಪ್ರತಿಗೆ ಇಷ್ಟು ಸೆಂಟು. ದುರಸ್ತಿಯ ಹೊಣೆ ಪೂರ್ತಿ ಕಂಪನಿಯದೇ. ಯಂತ್ರ ನಿಂತರೆ ಪ್ರತಿಗಳೂ ನಿಲ್ಲುತ್ತವೆ, ಕಂಪನಿಯ ವರಮಾನವೂ ನಿಲ್ಲುತ್ತದೆ. ಇಬ್ಬರ ಹಿತವೂ ಒಂದೇ ಗಾಡಿಯಲ್ಲಿತ್ತು. ಇಂದು ಪುಟದ ಲೆಕ್ಕ ‘ಕ್ಲಿಕ್’ ಎಂಬ ಹೆಸರಿನಲ್ಲಿ ಉಳಿದಿದೆ, ಆದರೆ ಬಾಡಿಗೆ ಹೋಗಿ ಖರೀದಿ ಬಂದಿದೆ. ಯಂತ್ರದ ಪೂರ್ತಿ ಬೆಲೆ ಅಂಗಡಿಯವನೇ ಕೊಡುತ್ತಾನೆ, ಆಮೇಲೆ ಪ್ರತಿ ಪುಟಕ್ಕೂ ಕೊಡುತ್ತಾನೆ, ನಿಂತ ದಿನಗಳ ನಷ್ಟವನ್ನೂ ಅವನೇ ಹೊರುತ್ತಾನೆ. ಒಡೆತನದ ಭಾರವೆಲ್ಲ ಇವನ ಹೆಗಲಿಗೆ, ಒಡೆತನದ ಅಧಿಕಾರ ಅವರ ಕೈಗೆ.

ಅಧಿಕಾರ ಎಲ್ಲಿದೆ ಎಂದು ತೋರಿಸುವುದು ಸುಲಭ. ಯಂತ್ರದೊಳಗೆ ಸರ್ವೀಸ್ ಮೋಡ್ ಇದೆ, ಅದಕ್ಕೆ ಪಾಸ್‌ವರ್ಡ್ ಇದೆ. ಡ್ರಮ್ಮು, ಬೆಲ್ಟು, ಫ್ಯೂಸರುಗಳ ಆಯುಸ್ಸು ಎಣಿಸುವ ಕೌಂಟರ್‌ಗಳಿವೆ. ಭಾಗ ಇನ್ನೂ ಗಟ್ಟಿಯಿದ್ದರೂ ಕೌಂಟರ್ ಮುಗಿಯಿತೆಂದರೆ ಯಂತ್ರ ಗೊಣಗುತ್ತದೆ, ಕೆಲವು ಮುಷ್ಕರವನ್ನೇ ಹೂಡುತ್ತವೆ. ಹೊಸ ಭಾಗ ಹಾಕಿದ ಮೇಲೂ ಕೌಂಟರನ್ನು ಸೊನ್ನೆಗೆ ತರಲು ಅದೇ ಪಾಸ್‌ವರ್ಡ್ ಬೇಕು. ಟೋನರ್ ಡಬ್ಬಿಗೂ ಚಿಪ್. ಕೊಚ್ಚಿಯ ಪೆಂಟಾ ಮೇನಕಾದಲ್ಲಿ ನೀರಿಗೆ ಬಿದ್ದ ಫೋನನ್ನು ಬಿಚ್ಚಿ, ಭೂತಗನ್ನಡಿ ಹಿಡಿದು ಜೀವ ಕೊಡುವ ಹುಡುಗರಿದ್ದಾರೆ. ಅದೇ ಊರಿನಲ್ಲಿ ಅಷ್ಟೇ ಚುರುಕಿನ ಹುಡುಗನೊಬ್ಬ ಪ್ರೊಡಕ್ಷನ್ ಪ್ರಿಂಟರಿನ ಮುಂದೆ ಕೈಕಟ್ಟಿ ನಿಲ್ಲಬೇಕು. ಅವನಿಗೆ ಕೊರತೆಯಿರುವುದು ಬುದ್ಧಿಯದಲ್ಲ, ಆರೆಂಟು ಅಕ್ಷರಗಳ ಪಾಸ್‌ವರ್ಡಿನದು.

ಕಂಪನಿಗಳ ವಾದಕ್ಕೂ ಕಿವಿಗೊಡಬೇಕು. ಒಳಗೆ ಹೆಚ್ಚಿನ ವೋಲ್ಟೇಜು, ಲೇಸರು, ಸುಡುವ ಫ್ಯೂಸರು ಇವೆ. ಅರೆಬರೆ ಕಲಿತವರು ಕೈಹಾಕಿದರೆ ಅಪಾಯ, ನಿಜ. ಅಂಗಡಿಯವರೂ ಸಾಚಾಗಳಲ್ಲ. ಕ್ಲಿಕ್ ದರದಲ್ಲಿ ಪೈಸೆಗೆ ಪೈಸೆ ಚೌಕಾಸಿ ಮಾಡಿ ಡೀಲರನ್ನು ಹಿಂಡುತ್ತಾರೆ, ಕಡಿಮೆ ಬೆಲೆಯ ಕಾಗದ ತುಂಬುತ್ತಾರೆ, ಕರೆಂಟು ಬಿಲ್ಲಿಗೆ ಹೆದರಿ ರಾತ್ರಿ ಎಸಿ ಆರಿಸುತ್ತಾರೆ, ಬೆಳಗ್ಗೆ ತೇವ ಹಿಡಿದ ಹಾಳೆ ಸಿಕ್ಕಿಕೊಂಡಾಗ ಎಂಜಿನಿಯರನ್ನು ಬೈಯುತ್ತಾರೆ. ಇದೂ ನಿಜ. ಆದರೆ ಅಪಾಯವಿದೆ ಎಂಬುದು ತರಬೇತಿ ಕೊಡಲು ಕಾರಣವಾಗಬೇಕು, ಮುಚ್ಚಿಡಲು ಅಲ್ಲ. ಲಿಫ್ಟು, ಟ್ರಾನ್ಸ್‌ಫಾರ್ಮರ್, ಲಾರಿ ಇವು ಯಾವುವೂ ಪ್ರಿಂಟರಿಗಿಂತ ಸೌಮ್ಯವಲ್ಲ, ಅವನ್ನು ರಿಪೇರಿ ಮಾಡುವವರು ಊರೂರಿನಲ್ಲಿದ್ದಾರೆ.

ಬಂದುಹೋಗುವ ಎಂಜಿನಿಯರ್ ಕೂಡ ಈ ಕಥೆಯ ಖಳನಾಯಕನಲ್ಲ. ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞ ಝೆರಾಕ್ಸ್ ತಂತ್ರಜ್ಞರ ಜೊತೆ ತಿರುಗಾಡಿ 1996ರಲ್ಲಿ ಒಂದು ಪುಸ್ತಕ ಬರೆದರು. ಅವರು ಕಂಡದ್ದು ಇಷ್ಟು: ಯಂತ್ರ ಸರಿಯಾಗುವುದು ಕೈಪಿಡಿಯಿಂದ ಮಾತ್ರವಲ್ಲ, ತಂತ್ರಜ್ಞರು ಊಟದ ಮೇಜಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಥೆಗಳಿಂದ. ‘ಆ ಯಂತ್ರ ಹೀಗೆ ಮಾಡಿತ್ತು, ಕೊನೆಗೆ ನೋಡಿದರೆ ತಪ್ಪು ಇಲ್ಲಿತ್ತು’ ಎಂಬಂಥ ಕಥೆಗಳು. ಒಂದು ಜಿಲ್ಲೆಗೆ ಒಬ್ಬನೇ ಎಂಜಿನಿಯರ್ ಇದ್ದು, ಅವನೂ ಹೊಸಬನಾಗಿದ್ದು, ಹೆಚ್ಚು ಸಂಬಳ ಸಿಕ್ಕ ಕಡೆ ಹೊರಟುಹೋದರೆ ಆ ಕಥೆಗಳೂ ಅವನ ಜೊತೆ ಹೋಗುತ್ತವೆ. ಜ್ಞಾನವನ್ನು ಬೀಗದಲ್ಲಿಟ್ಟರೆ ಬೆಳೆಯುವುದಿಲ್ಲ. ನಾಲ್ಕು ಜನರ ಬಾಯಲ್ಲಿ ಓಡಾಡಬೇಕು.

ಈ ಮಾತನ್ನು ತಿರುವನಂತಪುರಕ್ಕೆ ಹೇಳಬೇಕಾಗಿ ಬಂದಿರುವುದೇ ವಿಪರ್ಯಾಸ. ಸ್ವತಂತ್ರ ತಂತ್ರಾಂಶದ ಚಳವಳಿ ಹುಟ್ಟಿದ್ದು ಒಂದು ಪ್ರಿಂಟರಿನ ಜಗಳದಿಂದ. 1980ರ ಸುಮಾರಿಗೆ ಎಂಐಟಿಯ ಪ್ರಯೋಗಾಲಯಕ್ಕೆ ಬಂದ ಝೆರಾಕ್ಸ್ ಲೇಸರ್ ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಎಲ್ಲರಿಗೂ ಸುದ್ದಿ ಹೋಗುವಂತೆ ಅದರ ತಂತ್ರಾಂಶವನ್ನು ತಿದ್ದಲು ರಿಚರ್ಡ್ ಸ್ಟಾಲ್‌ಮನ್ ಹೊರಟರು. ಮೂಲಸಂಕೇತ ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇವೆ ಎಂಬ ಉತ್ತರ ಬಂತು. ಆ ‘ಇಲ್ಲ’ದ ಕಿಚ್ಚು 1983ರಲ್ಲಿ ಗ್ನೂ ಯೋಜನೆಯಾಯಿತು. 2001ರ ಜುಲೈಯಲ್ಲಿ ಭಾರತದ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನ ಉದ್ಘಾಟನೆಯಾದದ್ದು ತಿರುವನಂತಪುರದಲ್ಲಿ, ಅದೇ ಸ್ಟಾಲ್‌ಮನ್ ಸಮ್ಮುಖದಲ್ಲಿ. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಇಂದು ಕಂಪ್ಯೂಟರ್ ಕಲಿಯುವುದು ಸ್ವತಂತ್ರ ತಂತ್ರಾಂಶದಲ್ಲೇ. ಆ ಮಕ್ಕಳ ಡೈರಿ ಅಚ್ಚಾಗುವ ಯಂತ್ರದಲ್ಲಿ ಮಾತ್ರ 1980ರ ‘ಇಲ್ಲ’ ಹಾಗೆಯೇ ಕೂತಿದೆ.

ಕಾನೂನಿನ ಬಾಗಿಲು ತಟ್ಟಿದರೆ? ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಗ್ರಾಹಕರೆಂದು ಒಪ್ಪುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಕೊಂಡವರಿಗೆ ವಿನಾಯಿತಿಯಿದೆ. ಆದರೆ ಅಂಗಡಿ ತುಸು ಬೆಳೆದು ನಾಲ್ಕು ಜನ ಕೆಲಸಕ್ಕಿದ್ದರೆ, ತಾನು ಗ್ರಾಹಕ ಎಂದು ಸಾಬೀತು ಮಾಡುವುದೇ ಒಂದು ವ್ಯಾಜ್ಯ. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಸಮಿತಿ ರಚಿಸಿತು. ಅದಕ್ಕೆ ಗುರುತಿಸಿದ ಕ್ಷೇತ್ರಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ವಸ್ತು, ವಾಹನ. ರೈತನ ಟ್ರ್ಯಾಕ್ಟರ್ ಅವನ ಅನ್ನವಾದರೆ ಮುದ್ರಕನ ಪ್ರಿಂಟರ್ ಇವನ ಅನ್ನ. ಐದನೆಯ ಸಾಲು ಸೇರಿಸಲು ಅಡ್ಡಿಯೇನು?

ತತ್ವವಂತೂ ಈ ದೇಶದಲ್ಲಿ ಹೊಸದಲ್ಲ. ಬಿಡಿಭಾಗ, ಪರೀಕ್ಷಾ ಉಪಕರಣ, ತಾಂತ್ರಿಕ ಕೈಪಿಡಿಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಕಾರಿನ ಜಾಗದಲ್ಲಿ ಪ್ರಿಂಟರ್ ಎಂದು ಬರೆದು ಆ ಆದೇಶವನ್ನು ಓದಿದರೆ ತಿದ್ದಬೇಕಾದದ್ದು ಹೆಚ್ಚೇನೂ ಇರಲಾರದು.

ಆದರೆ ಆಯೋಗದ ತನಕ ಹೋಗುವಷ್ಟು ಪುರುಸೊತ್ತು ಜೂನ್ ತಿಂಗಳಲ್ಲಿ ಯಾರಿಗೂ ಇರುವುದಿಲ್ಲ. ಹತ್ತಿರದ ದಾರಿ ಖರೀದಿಯಲ್ಲಿದೆ. ಪಠ್ಯಪುಸ್ತಕ ಮುದ್ರಿಸುವ ಸರ್ಕಾರಿ ಸಂಸ್ಥೆ ಕೊಚ್ಚಿಯ ಕಾಕ್ಕನಾಡಿನಲ್ಲಿದೆ. ಸರ್ಕಾರಿ ಮುದ್ರಣಾಲಯ, ಮುದ್ರಣ ಕಲಿಸುವುದಕ್ಕೆಂದೇ ಇರುವ ಸಿ-ಆಪ್ಟ್ ಎರಡೂ ತಿರುವನಂತಪುರದಲ್ಲಿವೆ. ಸರ್ಕಾರ ಡಿಜಿಟಲ್ ಮುದ್ರಣಯಂತ್ರ ಕೊಳ್ಳುವಾಗ ಟೆಂಡರಿನಲ್ಲಿ ಮೂರು ಷರತ್ತು ಬರೆಯಲಿ. ಸರ್ವೀಸ್ ಕೈಪಿಡಿ ಮತ್ತು ಪಾಸ್‌ವರ್ಡ್ ಯಂತ್ರದ ಜೊತೆಗೇ ಬರಬೇಕು. ಬಿಡಿಭಾಗಗಳ ದರಪಟ್ಟಿ ಬಹಿರಂಗವಾಗಿರಬೇಕು, ಕೇಳಿದ ಯಾರಿಗೂ ಮಾರಬೇಕು. ಯಂತ್ರ ನಿಂತ ಪ್ರತಿ ದಿನಕ್ಕೆ ಕಂಪನಿ ದಂಡ ಕಟ್ಟಬೇಕು. ಒಮ್ಮೆ ಸರ್ಕಾರಕ್ಕೆ ಕೊಟ್ಟದ್ದನ್ನು ಪಾಳಯದ ಅಂಗಡಿಗೆ ಕೊಡುವುದಿಲ್ಲ ಎನ್ನಲು ಕಂಪನಿಗೆ ನೆಪ ಉಳಿಯುವುದಿಲ್ಲ. ಎರಡೂ ಊರಿನಲ್ಲಿ ಯಾವ ಬ್ರ್ಯಾಂಡಿಗೂ ಸೇರದ ಹತ್ತಿಪ್ಪತ್ತು ತಂತ್ರಜ್ಞರನ್ನು ಸಿ-ಆಪ್ಟ್ ತಯಾರು ಮಾಡಿದರೂ ವಂಚಿನಾಡ್ ರೈಲಿನ ಕಾಯುವಿಕೆ ತಪ್ಪುತ್ತದೆ.

ಅಲ್ಲಿಯವರೆಗೆ, ಕೊಚ್ಚಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಯಂತ್ರ ಕೊಳ್ಳಲು ಹೊರಟವರು ಕ್ಲಿಕ್ ದರದಲ್ಲಿ ನಾಲ್ಕು ಪೈಸೆ ಇಳಿಸುವ ಮೊದಲು ಮಾರಾಟಗಾರನಿಗೆ ಒಂದು ಪ್ರಶ್ನೆ ಹಾಕಲಿ: ನಿಮ್ಮ ಎಂಜಿನಿಯರ್ ಬಾರದ ದಿನ ಈ ಯಂತ್ರವನ್ನು ಬಿಚ್ಚಲು ಇನ್ಯಾರಿಗೆ ಹಕ್ಕಿದೆ? ಉತ್ತರವನ್ನು ಕರಾರಿನಲ್ಲಿ ಬರೆಸಿಕೊಳ್ಳಲಿ. ಬರೆದುಕೊಡಲು ಒಪ್ಪದವರ ಮುಂದೆ ಚೆಕ್ಕಿಗೆ ಸಹಿ ಹಾಕಬಾರದು.