ಮೊಹರು ಹರಿದರೆ ವಾರಂಟಿ ಮುಗಿಯಿತೇ?

ಅಂಗಡಿಯಿಂದ ಸಿದ್ಧರೂಪದಲ್ಲಿ ಕೊಂಡು ತಂದ ಗಣಕಯಂತ್ರವು ಕೆಲಸ ಹೆಚ್ಚಿದಂತೆಲ್ಲ ನಿಧಾನವಾಗತೊಡಗುವುದು ಸಾಮಾನ್ಯ ಅನುಭವ. 8 ಗಿಗಾಬೈಟ್ ರ‍್ಯಾಮ್ ಇರುವೆಡೆ ಅಷ್ಟೇ ಪ್ರಮಾಣದ ಇನ್ನೊಂದನ್ನು ಸೇರಿಸಿದರೆ ಅನೇಕ ವೇಳೆ ತೊಂದರೆ ನೀಗುತ್ತದೆ. ಆದರೆ ಪೆಟ್ಟಿಗೆಯ ತಿರುಪಿನ ಮೇಲೆ, ಮೊಹರು ಹರಿದರೆ ವಾರಂಟಿ ರದ್ದಾಗುವುದೆಂಬ ಚೀಟಿಯನ್ನು ಕಂಡೊಡನೆ ವಿದ್ಯಾರ್ಥಿಯ ಕೈ ಹಿಂಜರಿಯುತ್ತದೆ. ಈ ನಿರ್ಬಂಧವು ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ವಿಚಾರಿಸೋಣ.

ಒಂದು ಘಟನೆಯ ತರುವಾಯ ಇನ್ನೊಂದು ನಡೆಯಿತೆಂದ ಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆನ್ನಲಾಗದು. ರ‍್ಯಾಮ್ ಸೇರಿಸಿದ ಮೂರು ತಿಂಗಳಿಗೆ ಫ್ಯಾನಿನ ಬೇರಿಂಗ್ ಸವೆದುಹೋದರೆ, ಅದಕ್ಕೂ ಹರಿದ ಚೀಟಿಗೂ ಏನು ಸಂಬಂಧ?

ಹಾಗೆಂದು ತಯಾರಕರ ಆತಂಕವೆಲ್ಲ ನಿರಾಧಾರವಲ್ಲ. 300 ವಾಟ್ ಸಾಮರ್ಥ್ಯದ ಪವರ್ ಸಪ್ಲೈ ಇರುವ ಯಂತ್ರಕ್ಕೆ, ತಾನೊಂದೇ 250 ವಾಟ್ ಬಳಸುವ ಗ್ರಾಫಿಕ್ಸ್ ಕಾರ್ಡನ್ನು ಜೋಡಿಸಿ, ಸಪ್ಲೈ ಸುಟ್ಟುಹೋದಾಗ ತಯಾರಕರನ್ನು ದೂರುವುದು ಸಲ್ಲದು. ಸ್ಥಿರವಿದ್ಯುತ್ತಿನ ಅಪಾಯವೂ ಉಂಟು. ಬೆರಳಿನಿಂದ ಹಾರುವ ಕಿಡಿ ನಮ್ಮ ಅರಿವಿಗೆ ಬರಬೇಕಾದರೆ ಸುಮಾರು 3,000 ವೋಲ್ಟುಗಳು ಬೇಕು. ಸೂಕ್ಷ್ಮವಾದ ಕೆಲವು ಚಿಪ್ಪುಗಳಾದರೋ ನೂರಿನ್ನೂರು ವೋಲ್ಟುಗಳಿಗೇ ಕೆಡಬಲ್ಲವು. ಅಂದರೆ, ನಮಗೆ ತಿಳಿಯದಂತೆಯೇ ಹಾನಿಯುಂಟಾಗಬಹುದು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯು, ಇಂಥದೇ ಹೆಸರಿನ ಬಿಡಿಭಾಗವನ್ನು ಬಳಸಬೇಕೆಂಬ ಷರತ್ತನ್ನು ವಾರಂಟಿಗೆ ಗಂಟುಹಾಕುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಲ್ಲಿನ ಫೆಡರಲ್ ವ್ಯಾಪಾರ ಆಯೋಗವು 2018ರಲ್ಲಿ ಆರು ಕಂಪನಿಗಳಿಗೂ 2024ರಲ್ಲಿ ಎಂಟು ಕಂಪನಿಗಳಿಗೂ ವಾರಂಟಿಯ ವಿಷಯವಾಗಿ ಎಚ್ಚರಿಕೆಯ ಪತ್ರಗಳನ್ನು ಬರೆಯಿತು. ಆದರೆ ಗ್ರಾಹಕನು ಸೇರಿಸಿದ ಭಾಗದಿಂದಲೇ ಉಂಟಾದ ಹಾನಿಯನ್ನು ಕಂಪನಿಯು ತುಂಬಿಕೊಡಬೇಕೆಂದು ಆ ಕಾಯಿದೆ ಹೇಳುವುದಿಲ್ಲ.

ಆ ಕಾಯಿದೆ ನಮ್ಮ ದೇಶಕ್ಕೆ ಅನ್ವಯಿಸದು. ಇಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ 'ದುರಸ್ತಿಯ ಹಕ್ಕಿ'ನ ವಿಚಾರವಾಗಿ ಸಮಿತಿಯೊಂದನ್ನು ರಚಿಸಿತು. ನಮ್ಮ ಅಭಿಪ್ರಾಯ ಇಷ್ಟೆ: ವಾರಂಟಿಯನ್ನು ನಿರಾಕರಿಸುವ ಕಂಪನಿಯು, ಕೆಟ್ಟದ್ದು ಯಾವುದು, ಏತರಿಂದ ಕೆಟ್ಟಿತು ಎಂಬುದನ್ನು ತೋರಿಸಿಕೊಡಬೇಕು. ಹರಿದ ಚೀಟಿಯು ಪೆಟ್ಟಿಗೆ ತೆರೆದುದಕ್ಕೆ ಸಾಕ್ಷಿಯೇ ಹೊರತು ಹಾನಿಗೆ ಸಾಕ್ಷಿಯಲ್ಲ.

ಅಲ್ಲಿಯವರೆಗೆ ವಿದ್ಯಾರ್ಥಿಗಳು ಜಾಗರೂಕರಾಗಿರಬೇಕು. ವಾರಂಟಿ ಪತ್ರವನ್ನು ಮೊದಲು ಓದಿರಿ. ಸಂದೇಹವಿದ್ದರೆ ಕಂಪನಿಯಿಂದ ಲಿಖಿತ ಉತ್ತರವನ್ನು ಪಡೆಯಿರಿ. ವಿದ್ಯುತ್ ಸಂಪರ್ಕವನ್ನು ತಪ್ಪಿಸಿ, ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡ ಮೇಲೆಯೇ ಭಾಗಗಳನ್ನು ಮುಟ್ಟಿರಿ. ಪವರ್ ಸಪ್ಲೈಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿರಿ. ತೆಗೆದ ಭಾಗವನ್ನೂ ಹೊಸದರ ರಸೀದಿಯನ್ನೂ ಕಾಪಾಡಿರಿ; ಹೊಸ ಭಾಗಕ್ಕೆ ಅದರ ತಯಾರಕರದೇ ಪ್ರತ್ಯೇಕ ವಾರಂಟಿ ಇರುವುದುಂಟು. ಯಂತ್ರದ ಒಳಗನ್ನು ಕಣ್ಣಾರೆ ಕಂಡು ಕಲಿಯುವ ಅವಕಾಶವು ಅಂಗೈಯಗಲದ ಚೀಟಿಯೊಂದರ ಭಯದಿಂದ ತಪ್ಪಿಹೋಗಬಾರದು.