ಮನೆವಾರ್ತೆ: ತೊಳೆದ ಲೋಟಕ್ಕೆ ಸುಣ್ಣ ಬಳಿದವರಾರು?



ಈ ಸಲದ ಮಾತು ಮುಸುರೆಯದು. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ನಿಮ್ಮಲ್ಲಿ ಕೆಲವರಿಗೆ ಈ ಶಬ್ದ ಹೊಸದಿರಬಹುದು. ಉಂಡ ತಾಟು, ಅನ್ನದ ಪಾತ್ರೆ, ಸಾರಿನ ಸೌಟು, ಹೀಗೆ ತಿಕ್ಕಿ ತೊಳೆಯಬೇಕಾದದ್ದೆಲ್ಲ ಮುಸುರೆ. ಮನೆಯಲ್ಲಿ ಯಾರೂ ತಾನಾಗಿ ಮುಂದೆ ಬಂದು ಮಾಡದ ಕೆಲಸ ಅದು. ಅದಕ್ಕೇ ಈಗ ನಿಮ್ಮಲ್ಲಿ ಅನೇಕರು ಮೊದಲ ಸಂಬಳಗಳಲ್ಲಿ ತಾಯಿಗೊಂದು ಡಿಷ್‌ವಾಷರ್ ಕೊಡಿಸುತ್ತಿದ್ದೀರಿ. ಸಂತೋಷ. ಆದರೆ ಒಂದು ಕಥೆ ಕೇಳಿ.

ನಾರಾಯಣಗೂಡದಲ್ಲಿರುವ ನನ್ನ ಅಕ್ಕನಿಗೆ ಬೆರಳ ಗಂಟುಗಳ ನೋವು. ಅವಳ ಮಗಳು ದೀಪಾವಳಿ ಬೋನಸ್ಸಿನಲ್ಲಿ ಡಿಷ್‌ವಾಷರ್ ತಂದಳು. ಹದಿನೈದು ದಿನಗಳಲ್ಲಿ ಗಾಜಿನ ಲೋಟಗಳ ಮೇಲೆ ಬಿಳಿಯ ಪೊರೆ ಕಟ್ಟಿತು, ಸ್ಟೀಲು ತಾಟಿನಲ್ಲಿ ಚುಕ್ಕೆ ಚುಕ್ಕೆ. ಒಂದು ಮಧ್ಯಾಹ್ನ ನಾನು ಹೋದಾಗ ಅಕ್ಕ ಯಂತ್ರದಿಂದ ತೆಗೆದ ಪಾತ್ರೆಗಳನ್ನೆಲ್ಲ ಸಿಂಕಿನಲ್ಲಿ ಹಾಕಿಕೊಂಡು ಮತ್ತೆ ತಿಕ್ಕುತ್ತಿದ್ದಳು! "ಇದು ತೊಳದದ್ದೋ, ಸುಣ್ಣ ಬಳದದ್ದೋ ನೀನೇ ಹೇಳವ್ವಾ. ಹುಡುಗಿಗೆ ಮಾತ್ರ ಹೇಳಬ್ಯಾಡ, ಮನಸ್ಸಿಗೆ ಹಚ್ಚಿಕೊಳ್ತಾಳ" ಎಂದಳು. ನೋವು ಕಡಿಮೆಯಾಗಲೆಂದು ತಂದ ಯಂತ್ರದಿಂದ ಅವಳ ಕೆಲಸ ಇಮ್ಮಡಿಯಾಗಿತ್ತು, ಅದೂ ಗುಟ್ಟಾಗಿ.

ನಾನು ಹುಡುಗಿಗೆ ಹೇಳಿಯೇಬಿಟ್ಟೆ. ಅವಳು ಅಷ್ಟರಲ್ಲಿ ಎರಡು ಬಗೆಯ ಪುಡಿ, ಒಂದು ಬಗೆಯ ಗುಳಿಗೆ ಬದಲಾಯಿಸಿ ನೋಡಿದ್ದಳು. ತಪ್ಪು ಪುಡಿಯದಲ್ಲ, ನೀರಿನದು.

ನಮ್ಮ ಊರಿನ ನೀರಿನ ವಿಚಾರ ಸ್ವಲ್ಪ ತಿಳಿಯಿರಿ. 1908ರ ಮೂಸಿ ಪ್ರವಾಹದ ನಂತರ ಕಟ್ಟಿದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಊರಿಗೆ ನೀರು ಕೊಟ್ಟವು. ಆಮೇಲೆ ನಮ್ಮ ಬೀದರ್ ಜಿಲ್ಲೆಯನ್ನು ಹಾಯ್ದು ಬರುವ ಮಂಜೀರಾ, ರಾಯಚೂರನ್ನು ದಾಟಿ ಬರುವ ಕೃಷ್ಣೆ, 2015ರಿಂದ ಗೋದಾವರಿಯೂ ಬಂದಳು. ಹೊಳೆಯ ಈ ನೀರು ಸಾಮಾನ್ಯವಾಗಿ ಬೋರ್ ನೀರಿಗಿಂತ ಮೆದು. ಬೋರ್ ನೀರು ಗ್ರಾನೈಟ್ ಬಂಡೆಯ ಸಂದುಗಳಲ್ಲಿ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಬರುವಂಥದು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ನಳದ ನೀರೂ ಬೋರ್ ನೀರೂ ಒಂದೇ ಸಂಪಿಗೆ ಬೀಳುತ್ತವೆ. ಇವತ್ತು ಯಾವುದು ಎಷ್ಟು ಬಂತೆಂದು ವಾಚ್‌ಮನ್ನನಿಗೇ ಗೊತ್ತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರಬಹುದು, ಬೇರೆ ನೀರಿಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಹೊಟ್ಟೆಗೆ ನಡೆಯುವ ನೀರು ಗಾಜಿಗೆ ನಡೆಯಬೇಕೆಂದೇನಿಲ್ಲ. ಬಿಸಿಯಾಗಿ ಒಣಗಿದಾಗ ಆ ಲವಣವೇ ಸುಣ್ಣದ ಪೊರೆಯಾಗಿ ಉಳಿಯುತ್ತದೆ.

ಇದಕ್ಕೆಂದೇ ಯಂತ್ರದ ತಳದಲ್ಲಿ ರಾಳದ ಹರಳುಗಳ ಒಂದು ಡಬ್ಬಿ ಇರುತ್ತದೆ. ಆ ಹರಳುಗಳು ನೀರಿನ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಅವು ತುಂಬಿಹೋದಾಗ ಉಪ್ಪುನೀರು ಅವನ್ನು ತೊಳೆದು ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ಉಪ್ಪು ಹಾಕುವುದು ಅದಕ್ಕಾಗಿ, ಪಾತ್ರೆ ತೊಳೆಯಲಿಕ್ಕಲ್ಲ. ಉಪ್ಪಿನ ಡಬ್ಬಿ ತುಂಬಿದ್ದರಷ್ಟೇ ಸಾಲದು; ನಿಮ್ಮ ನೀರು ಎಷ್ಟು ಗಡಸು ಎಂದು ಯಂತ್ರಕ್ಕೆ ಹೇಳಬೇಕು. ನಮ್ಮ ಹುಡುಗಿಯ ಯಂತ್ರ ಕಾರ್ಖಾನೆಯಿಂದ ಬಂದ ಅಂಕಿಯಲ್ಲೇ ಇತ್ತು. ಜೋಡಿಸಲು ಬಂದ ಹುಡುಗ ನೀರಿನ ಬಗ್ಗೆ ಕೇಳಿರಲೂ ಇಲ್ಲ, ಇವಳು ಪುಸ್ತಕ ತೆರೆದಿರಲೂ ಇಲ್ಲ.

ಗಡಸುತನ ನೋಡುವ ಕಾಗದದ ಪಟ್ಟಿ ತರಿಸಿದೆವು. ನೀರಿನಲ್ಲಿ ಅದ್ದಿದರೆ ಪಟ್ಟಿಯ ಕೊನೆಯ ಬಣ್ಣವೇ ಬಂತು. (ನೀರು ಶುದ್ಧೀಕರಿಸುವ ಯಂತ್ರ ಮಾರುವವರು ಅದ್ದಿ ತೋರಿಸುವ ಟಿಡಿಎಸ್ ಮೀಟರ್ ಬೇರೆ, ಅದು ಕರಗಿದ ಎಲ್ಲ ಲವಣಗಳ ಅಂದಾಜು ಹೇಳುತ್ತದೆ, ಗಡಸುತನವನ್ನಷ್ಟೇ ಅಲ್ಲ.) ಯಂತ್ರದ ಪುಸ್ತಕದಲ್ಲಿ ಲೆಕ್ಕ ಜರ್ಮನ್ ಡಿಗ್ರಿಯಲ್ಲಿದ್ದರೆ ಗಾಬರಿ ಬೇಡ: ಒಂದು ಡಿಗ್ರಿಯೆಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ. 200 ಎಂದರೆ 11 ಡಿಗ್ರಿ. ಹಾಗೆಂದು ಕಣ್ಣುಮುಚ್ಚಿ ಕೊನೆಯ ಅಂಕಿಗೆ ಇಡಬೇಡಿ. ನೀರು ಅತಿ ಮೆದುವಾದರೆ ಗಾಜನ್ನೇ ಕೊರೆಯುತ್ತದೆ. ಮಸುಕಾದ ಲೋಟಕ್ಕೆ ನಿಂಬೆರಸ ಹಚ್ಚಿ ನೋಡಿ. ಪೊರೆ ಬಿಟ್ಟರೆ ಸುಣ್ಣ, ಬಿಡದಿದ್ದರೆ ಗಾಜು ಸವೆದಿದೆ, ಅದಕ್ಕೆ ಮದ್ದಿಲ್ಲ. ಅಕ್ಕನ ಲೋಟಗಳು ನಿಂಬೆಗೆ ಬಿಟ್ಟವು, ಪುಣ್ಯ.

ಉಪ್ಪು ಮಾತ್ರ ಡಿಷ್‌ವಾಷರಿನದೇ ಇರಲಿ. ಅಡುಗೆಯ ಪುಡಿ ಉಪ್ಪಿನಲ್ಲಿ ಗಟ್ಟಿಯಾಗದಂತೆ ಬೆರೆಸಿದ ವಸ್ತುಗಳಿರುತ್ತವೆ, ಕಲ್ಲುಪ್ಪಿನಲ್ಲಿ ಕಲ್ಮಶ. ತುಂಬುವಾಗ ಚೆಲ್ಲಿದ್ದನ್ನು ಒರೆಸಿ ಕೂಡಲೇ ಒಂದು ಸಲ ಯಂತ್ರ ಓಡಿಸಿ, ಇಲ್ಲವಾದರೆ ಸ್ಟೀಲು ತುಕ್ಕು ಹಿಡಿಯುತ್ತದೆ. ಪುಡಿ ಮುಗಿದ ದಿನ ಸಿಂಕಿನ ದ್ರವ ಸೋಪು ಹಾಕುವ ಜಾಣತನ ಬೇಡ. ನಾನು ಒಮ್ಮೆ ಹಾಕಿ, ಅಡುಗೆಮನೆಯ ತುಂಬ ಹರಿದ ನೊರೆ ಬಳಿದಿದ್ದೇನೆ.

ನಮ್ಮ ಅವ್ವ ಬೂದಿಯಿಂದ ಜಿಡ್ಡು ತೆಗೆಯುತ್ತಿದ್ದಳು, ಹುಣಸೆಹಣ್ಣಿನಿಂದ ತಾಮ್ರ ಬೆಳಗುತ್ತಿದ್ದಳು. ಬೂದಿಯಲ್ಲಿ ಕ್ಷಾರ, ಹುಣಸೆಯಲ್ಲಿ ಹುಳಿ. ಯಂತ್ರದ ಪುಡಿಯಲ್ಲಿಯೂ ಕ್ಷಾರವಿದೆ, ಜೊತೆಗೆ ಅನ್ನದ ಗಂಜಿಯನ್ನೂ ಬೇಳೆಯ ಅಂಟನ್ನೂ ಕತ್ತರಿಸುವ ಕಿಣ್ವಗಳು. ಆದ್ದರಿಂದ ಎಂಜಲು ಬಳಿದು ಹಾಕಿದರೆ ಸಾಕು, ಮೊದಲೇ ತೊಳೆದು ಇಡಬೇಕಾಗಿಲ್ಲ. ಇಡ್ಲಿ ತಟ್ಟೆ, ಹಾಲು ತಳ ಹಿಡಿದ ಪಾತ್ರೆ ಇವನ್ನಷ್ಟೇ ನೆನೆಹಾಕಿ. ಪಾತ್ರೆಗಳೆಲ್ಲ ಬೋರಲಾಗಿ, ಒಂದರ ಮೇಲೊಂದು ಕೂಡದಂತೆ ಇರಲಿ. ನೀರು ಚಿಮ್ಮುವ ತೋಳು ತಿರುಗುತ್ತದೆಯೇ ಎಂದು ಕೈಯಿಂದ ಒಮ್ಮೆ ತಿರುಗಿಸಿ ನೋಡಿ. ದೊಡ್ಡ ಕಡಾಯಿ ಅಡ್ಡ ನಿಂತರೆ ಮೇಲಿನ ಲೋಟಕ್ಕೆ ನೀರೇ ತಲುಪದು. ಕತ್ತು ಸಣ್ಣದಾದ ತಂಬಿಗೆಯ ಒಳಗೂ ತಲುಪದು. ತಳದ ಜಾಲರಿಯಲ್ಲಿ ಒಗ್ಗರಣೆಯ ಸಾಸಿವೆ, ಕರಿಬೇವು ಕೂಡುತ್ತವೆ, ವಾರಕ್ಕೊಮ್ಮೆ ತೊಳೆಯಿರಿ.

ಕಬ್ಬಿಣದ ಹಂಚು, ಅಲ್ಯೂಮಿನಿಯಂ ಕುಕ್ಕರು, ಕಲಾಯಿ ಹಾಕಿದ ಹಿತ್ತಾಳೆ, ಕಟ್ಟಿಗೆಯ ಲಟ್ಟಣಿಗೆ ಇವು ಯಂತ್ರಕ್ಕಲ್ಲ. ಅರಿಸಿನದ ಕಲೆಯಾದ ಪ್ಲಾಸ್ಟಿಕ್ ಡಬ್ಬಿಯನ್ನು ಬಿಸಿಲಿಗಿಡಿ, ಕಲೆ ಮಾಸುತ್ತದೆ.

ಅಂಕಿ ಸರಿಪಡಿಸಿದ ಮೂರನೆಯ ದಿನ ಅಕ್ಕ ಒಂದು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳಂತೆ. ತೊಳೆಯದೆ ಅದರಲ್ಲೇ ನೀರು ಕುಡಿದಳೆಂದು ಹುಡುಗಿ ರಾತ್ರಿ ಫೋನು ಮಾಡಿ ಹೇಳಿದಳು. ಏಪ್ರಿಲ್ ಬಂದು ನಳದ ನೀರು ಕಡಿಮೆಯಾದಾಗ ಸಂಪಿನಲ್ಲಿ ಬೋರಿನ ಪಾಲು ಹೆಚ್ಚುತ್ತದೆ. ಉಳಿದ ಪಟ್ಟಿಗಳನ್ನು ಹುಡುಗಿ ಫ್ರಿಜ್ಜಿನ ಮೇಲೆ ಇಟ್ಟಿದ್ದಾಳೆ.